ಸಿಡಿದ ನಕ್ಷತ್ರ ಮತ್ತು ನನ್ನ ಮೋಟಾರ್ ಅಂಗಡಿ

ಸುಟ್ಟುಹೋದ ಬೋರ್‌ವೆಲ್ ಮೋಟಾರನ್ನು ಬಿಚ್ಚಿದ ಕೂಡಲೇ ಅದು ಯಾಕೆ ಸುಟ್ಟಿತು ಅಂತ ನಾನು ಹೇಳಬಲ್ಲೆ. ಸ್ಟಾರ್ ಕನೆಕ್ಷನ್ ಮೋಟಾರ್‌ನಲ್ಲಿ ಎರಡು ಫೇಸಿನ ಕಾಯಿಲ್ ಇದ್ದಿಲಾಗಿ, ಮೂರನೆಯದು ಹೊಸದರ ಹಾಗೆ ಉಳಿದಿದ್ದರೆ, ಓಡುತ್ತಿದ್ದಾಗ ಒಂದು ಫೇಸ್ ಹೋಗಿದೆ ಅಂತ ಅರ್ಥ. ಮೂರೂ ಒಂದೇ ಸಮ ಕರಕಲಾಗಿದ್ದರೆ ಲೋಡು ಜಾಸ್ತಿಯಾಗಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ. ರೈತರು ಮಾತ್ರ "ಏನೂ ಮಾಡಿಲ್ಲ ಅಣ್ಣ, ತಾನಾಗೇ ನಿಂತೋಯ್ತು" ಅಂತಲೇ ಶುರು ಮಾಡುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಪಾಪ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಆದದ್ದು ಅದು. ಯಾರೂ ನೋಡಿರುವುದಿಲ್ಲ. ಉಳಿದದ್ದನ್ನು ನೋಡಿ, ಆದದ್ದನ್ನು ಊಹಿಸಬೇಕು.

ಚಳ್ಳಕೆರೆ ಕಡೆಯ ಒಂದು ಸಣ್ಣ ಊರಿನಲ್ಲಿ ನನ್ನದು ರಿವೈಂಡಿಂಗ್ ಅಂಗಡಿ. ಮೇಲೆ ಮನೆ. ಮನೆಯ ತಾರಸಿಯ ಮೇಲೆ 8 ಇಂಚಿನ ಒಂದು ಹಳೇ ಟೆಲಿಸ್ಕೋಪ್. ಮಳೆ ಕಮ್ಮಿ ಇರುವ ಸೀಮೆ ಇದು. ಬೇಸಾಯಕ್ಕೆ ಕಷ್ಟ, ಆಕಾಶಕ್ಕೆ ಒಳ್ಳೆಯದು. ಮೊದಲೆಲ್ಲ ಸುಮ್ನೆ ಚೆಂದದ ಫೋಟೋ ತೆಗೆಯುತ್ತಿದ್ದೆ. ಅಳತೆ ಮಾಡುವ ಹುಚ್ಚು ಹತ್ತಿದ್ದು 2023ರ ಮೇ ತಿಂಗಳಲ್ಲಿ. ಅದರ ಕಥೆ ಇದು.

ಮೇ 19, ಶುಕ್ರವಾರ, ಅಮಾವಾಸ್ಯೆ. ಜಪಾನಿನಲ್ಲಿ ಕೊಯಿಚಿ ಇತಗಾಕಿ ಎಂಬ ಹವ್ಯಾಸಿ ಎಂ101 ಎಂಬ ಗೆಲಾಕ್ಸಿಯಲ್ಲಿ ಹೊಸ ಚುಕ್ಕಿಯೊಂದನ್ನು ಹಿಡಿದರು. ಹೊಟ್ಟೆಪಾಡಿಗಲ್ಲ, ಇಷ್ಟಕ್ಕೆ ಆಕಾಶ ನೋಡುವ ಮನುಷ್ಯ. ನೂರಕ್ಕೂ ಹೆಚ್ಚು ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ಹುಡುಕಿದ್ದಾರೆ. ಈ ಹೊಸ ಚುಕ್ಕಿಗೆ ಎಸ್‌ಎನ್ 2023ಐಎಕ್ಸ್‌ಎಫ್ ಅಂತ ಹೆಸರಾಯಿತು. ಕೊನೆಯ ಅಕ್ಷರಗಳಿಗೆ ವಿಶೇಷ ಅರ್ಥವಿಲ್ಲ, ಗಾಡಿ ನಂಬರ್ ಇದ್ದ ಹಾಗೆ, ಸರತಿಯ ಪ್ರಕಾರ ಬರುತ್ತದೆ. ಸುದ್ದಿ ನನಗೆ ಮುಟ್ಟಿದ್ದು ಮರುದಿನ ಮಧ್ಯಾಹ್ನ. ಅವತ್ತು ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಸರ್ಕಾರದ ಪ್ರಮಾಣವಚನ. ಅಂಗಡಿಯಲ್ಲಿದ್ದವರೆಲ್ಲ ಟಿವಿಗೆ ಅಂಟಿಕೊಂಡಿದ್ದರು. ನಾನು ಫೋನ್ ನೋಡುತ್ತ ಮೂಲೆಯಲ್ಲಿ ಕೂತಿದ್ದೆ.

ನನಗೆ ಮೊದಲು ನೆನಪಾದದ್ದು ಮೂರು ರಾತ್ರಿ ಹಿಂದಿನ ಒಂದು ಫೋಟೋ. ಮೇ 17ರಂದು ಹೊಸ ಲೆನ್ಸೊಂದನ್ನು ಪರೀಕ್ಷಿಸಲು ಇದೇ ಎಂ101ರ ಕಡೆ ಟೆಲಿಸ್ಕೋಪ್ ತಿರುಗಿಸಿದ್ದೆ! ಓಡಿ ಹೋಗಿ ಲ್ಯಾಪ್‌ಟಾಪ್ ತೆರೆದೆ. ಆ ಜಾಗದಲ್ಲಿ ಏನೂ ಇರಲಿಲ್ಲ. ಬೇಜಾರಾಯಿತು. ಆಮೇಲೆ ಗೊತ್ತಾಯಿತು, ಏನೂ ಇಲ್ಲದ ಆ ಫೋಟೋಗೂ ಬೆಲೆ ಇದೆ ಅಂತ. ನಕ್ಷತ್ರ ಯಾವ ಗಂಟೆಗೆ ಸಿಡಿಯಿತು ಅಂತ ತಿಳಿಯಬೇಕಾದರೆ, ಅದು ಇನ್ನೂ ಕಾಣದಿದ್ದ ಕೊನೆಯ ಹೊತ್ತು ಮತ್ತು ಕಂಡ ಮೊದಲ ಹೊತ್ತು ಎರಡೂ ಬೇಕು. ಲೋಕದ ಎಷ್ಟೋ ಹವ್ಯಾಸಿಗಳು ತಮ್ಮ ಹಳೇ ಫೋಟೋ ಕೆದಕಿದರು. ಆ ಚಿತ್ರಗಳ ನೆರವಿನಿಂದಲೇ ಸಿಡಿದದ್ದು ಮೇ 18ರಂದು ಅಂತ ಕೆಲವೇ ಗಂಟೆಗಳ ಅಂತರದಲ್ಲಿ ಹೇಳಲು ಸಾಧ್ಯವಾಯಿತು. ನಾನು ಅಳತೆ ಬರೆದಿಡುವ ಪುಸ್ತಕದ ಮೊದಲ ಸಾಲು ಹೀಗಿದೆ: "ಮೇ 17. ಕಾಣಲಿಲ್ಲ. 16.5ಕ್ಕಿಂತ ಮಸುಕು."

ಆ 16.5 ಏನು ಅಂತ ಹೇಳಿಬಿಡುತ್ತೇನೆ. ನಕ್ಷತ್ರದ ಪ್ರಕಾಶವನ್ನು ಮ್ಯಾಗ್ನಿಟ್ಯೂಡ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ಅದು ಶಾಲೆಯ ರ‍್ಯಾಂಕ್ ಇದ್ದ ಹಾಗೆ, ಅಂಕಿ ಚಿಕ್ಕದಾದಷ್ಟೂ ನಕ್ಷತ್ರ ಜೋರು. ಐದು ಅಂಕಿ ವ್ಯತ್ಯಾಸ ಅಂದರೆ ಪ್ರಕಾಶದಲ್ಲಿ ನೂರು ಪಟ್ಟು ವ್ಯತ್ಯಾಸ. ಬರಿಗಣ್ಣಿಗೆ ಒಳ್ಳೆಯ ಕತ್ತಲಲ್ಲಿ 6ರವರೆಗೆ ಕಾಣುತ್ತದೆ. ಇತಗಾಕಿ ನೋಡಿದಾಗ ಇದು 14.9 ಇತ್ತು.

ಎಂ101ರ ಜಾಗ ಹುಡುಕುವುದು ಸುಲಭ. ಮದುವೆಯಲ್ಲಿ ಅರುಂಧತಿ ತೋರಿಸುತ್ತಾರಲ್ಲ, ಅದರ ಪಕ್ಕದ ವಸಿಷ್ಠ, ಮತ್ತು ಸಪ್ತರ್ಷಿಗಳ ಬಾಲದ ತುದಿಯ ಮರೀಚಿ. ಇವೆರಡರ ಜೊತೆ ಮೂರು ಮೂಲೆ ಸಮವಾಗಿರುವ ತ್ರಿಕೋನ ಹಾಕಿಕೊಳ್ಳಿ. ಉತ್ತರದ ಕಡೆಯ ಮೂರನೇ ಮೂಲೆಯ ಹತ್ತಿರ ಅದಿದೆ. ನಮ್ಮಿಂದ ಎರಡು ಕೋಟಿ ಬೆಳಕಿನ ವರ್ಷಕ್ಕೂ ಸ್ವಲ್ಪ ದೂರ. ನಮ್ಮೂರಿಂದ ಅದು ಉತ್ತರದಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ಏರುತ್ತದೆ. ಮೇ ಕೊನೆಯಲ್ಲಿ ರಾತ್ರಿ ಹತ್ತೂವರೆ ಹೊತ್ತಿಗೆ ಅದು ನೆತ್ತಿಗೆ ಅತಿ ಹತ್ತಿರ. ಅಂಗಡಿ ಮುಚ್ಚಿ ಊಟ ಮುಗಿಸಿ ಹತ್ತಿದರೆ ಸರಿಹೋಗುತ್ತದೆ.

20ರ ರಾತ್ರಿ ಮೋಡ, ಗುಡುಗು. 21ಕ್ಕೆ ಸಿಕ್ಕಿತು.

ಈಗ ಅಳೆಯುವ ವಿಚಾರ. ನಕ್ಷತ್ರವೊಂದರ ಪ್ರಕಾಶವನ್ನು ಒಂಟಿಯಾಗಿ ಅಳೆಯಲು ಹೋದರೆ ಕೆಟ್ಟಿರಿ. ಗಾಳಿಯಲ್ಲಿ ಧೂಳು, ತೇವ, ಕಾಣದಂಥ ತೆಳು ಮೋಡ, ಎಲ್ಲವೂ ಬೆಳಕನ್ನು ಕದಿಯುತ್ತವೆ. ಅದಕ್ಕೆ ಅದೇ ಫೋಟೋದಲ್ಲಿರುವ, ಪ್ರಕಾಶ ಬದಲಾಗದ ನೆರೆಯ ನಕ್ಷತ್ರಗಳ ಜೊತೆ ಹೋಲಿಸಬೇಕು. ಮೋಡ ಬಂದರೆ ಇಬ್ಬರಿಗೂ ಬರುತ್ತದೆ, ಲೆಕ್ಕ ಕೆಡುವುದಿಲ್ಲ. ಯಾವ ನೆರೆಯವರನ್ನು ನಂಬಬಹುದು ಅನ್ನುವ ನಕ್ಷೆಗಳನ್ನು 1911ರಲ್ಲಿ ಶುರುವಾದ ಎಎವಿಎಸ್‌ಒ ಎಂಬ ಅಮೆರಿಕದ ವೀಕ್ಷಕರ ಸಂಘ ಪುಕ್ಕಟೆ ಕೊಡುತ್ತದೆ. ಅಳತೆಗಳನ್ನು ಅಲ್ಲಿಗೇ ಕಳಿಸಬಹುದು, ಯಾವ ದೇಶದವರಾದರೂ ಸರಿ.

ಕ್ಯಾಮೆರಾ ಮುಂದೆ ವಿ ಫಿಲ್ಟರ್ ಹಾಕಿದೆ. ಹೆಚ್ಚುಕಮ್ಮಿ ಹಸಿರು ಬೆಳಕನ್ನು ಮಾತ್ರ ಬಿಡುವ ಗಾಜು ಅದು. ಎಲ್ಲರೂ ಒಂದೇ ಫಿಲ್ಟರ್ ಬಳಸಿದರೆ ತಾನೇ ನನ್ನ ಅಂಕಿಯನ್ನೂ ಜರ್ಮನಿಯವನ ಅಂಕಿಯನ್ನೂ ಪಕ್ಕಪಕ್ಕ ಇಡಲು ಬರುವುದು? ತಲಾ 30 ಸೆಕೆಂಡಿನ 20 ಫೋಟೋ. ಸಂಜೆ ಬೆಳಕಲ್ಲಿ ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆ ಕಟ್ಟಿ ಹತ್ತು ಫೋಟೋ. ಅದರಿಂದ ಲೆನ್ಸಿನ ಧೂಳು, ಮೂಲೆಯ ಕತ್ತಲು ಎಲ್ಲ ಗೊತ್ತಾಗುತ್ತದೆ, ಆಮೇಲೆ ಭಾಗಿಸಿ ತೆಗೆಯಬಹುದು. ಮುಚ್ಚಳ ಹಾಕಿ ಇನ್ನಷ್ಟು. ಇದು ಕ್ಯಾಮೆರಾದ ಸ್ವಂತ ಗದ್ದಲ ಕಳೆಯಲು. ಇದೆಲ್ಲ ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ವಾರ್ನಿಶ್ ಒಣಗುವ ಮುಂಚೆ ಮೋಟಾರ್ ಜೋಡಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತಲ್ಲ.

ಲ್ಯಾಪ್‌ಟಾಪ್‌ನಲ್ಲಿ ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರ್. ಚುಕ್ಕಿಯ ಸುತ್ತ ಒಂದು ವೃತ್ತ ಹಾಕಿದರೆ ಒಳಗಿನ ಬೆಳಕನ್ನೆಲ್ಲ ಕೂಡುತ್ತದೆ. ಹೊರಗೆ ಬಳೆಯ ಹಾಗೆ ಇನ್ನೊಂದು ಉಂಗುರ. ಅಲ್ಲಿಂದ ಖಾಲಿ ಆಕಾಶದ ಬೆಳಕು ಎಷ್ಟು ಅಂತ ತಿಳಿದು ಕಳೆಯುತ್ತದೆ. ಇಲ್ಲಿ ನಾನು ಮೊದಲ ಸಲ ಎಡವಿದೆ. ಈ ಸೂಪರ್‌ನೋವಾದ ಮಗ್ಗುಲಲ್ಲೇ ಎನ್‌ಜಿಸಿ 5461 ಎಂಬ ಹೊಳೆಯುವ ಅನಿಲದ ದೊಡ್ಡ ಮೋಡವಿದೆ. ನನ್ನ ಬಳೆಯ ಒಂದು ಕಡೆ ಅದರ ಮೇಲೇ ಕೂತಿತ್ತು. ಅದನ್ನು ಖಾಲಿ ಆಕಾಶ ಅಂದುಕೊಂಡು ಸಾಫ್ಟ್‌ವೇರ್ ಜಾಸ್ತಿ ಕಳೆಯಿತು, ನಕ್ಷತ್ರ ಮಸುಕಾಯಿತು. ವೃತ್ತ ಕಿರಿದು ಮಾಡಿ, ಬಳೆಯನ್ನು ಸರಿಪಡಿಸಿ ಮತ್ತೆ ಅಳೆದೆ. 11.7 ಬಂತು. 22ಕ್ಕೆ 11.3. ಆಮೇಲೆ 11ರ ಸುತ್ತ ಬಂದು ನಿಂತಿತು.

ಎರಡನೇ ತಪ್ಪು ಇನ್ನೂ ನಾಚಿಕೆಯದು. ಅಳತೆಗಳನ್ನು ಕಳಿಸಿ, ದಿನ ದಿನದ ಪ್ರಕಾಶ ತೋರಿಸುವ ಗ್ರಾಫ್ ನೋಡಿದರೆ ನನ್ನ ಚುಕ್ಕಿಗಳು ಮಾತ್ರ ಎಲ್ಲರ ಗೆರೆಯಿಂದ ಬಲಕ್ಕೆ ಸರಿದು ಕೂತಿವೆ. ಎಲ್ಲರದೂ ಒಂದು ಸಾಲು, ನನ್ನದು ಮಾತ್ರ ತಡವಾಗಿ ಬಂದ ಬಸ್ಸು. ಎರಡು ದಿನ ಫಿಲ್ಟರನ್ನು ಬೈದೆ, ಕ್ಯಾಮೆರಾವನ್ನು ಬೈದೆ. ಕೊನೆಗೆ ನನ್ನ ಮಗ ಕೇಳಿದ: "ಅಪ್ಪಾ, ಟೈಮ್ ನಮ್ದು ಹಾಕಿದೀಯೋ ಅವರದೋ?" ಅಷ್ಟೇ. ಖಗೋಳದ ಲೆಕ್ಕವೆಲ್ಲ ಗ್ರೀನಿಚ್ ಸಮಯದಲ್ಲಿ. ನಾನು ನಮ್ಮ ಗಡಿಯಾರದ ಹೊತ್ತನ್ನೇ ಹಾಗೇ ಬರೆದಿದ್ದೆ. ಐದೂವರೆ ಗಂಟೆ ವ್ಯತ್ಯಾಸ. ಬೇರೆ ನಕ್ಷತ್ರವಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದು ದಿನಕ್ಕೆ ಅರ್ಧ ಮ್ಯಾಗ್ನಿಟ್ಯೂಡ್‌ನಷ್ಟು ಏರುತ್ತಿದ್ದಾಗ ಮುಚ್ಚಿಡಲು ಆಗಲಿಲ್ಲ.

ಪ್ರಕಾಶದ ಏರಿಳಿತ ಒಂದು ಸಾಕ್ಷಿ. ಇನ್ನೊಂದು ಸಾಕ್ಷಿ ಅದರ ಬಣ್ಣಗಳಲ್ಲಿದೆ. ಕ್ಯಾಮೆರಾ ಮುಂದೆ ಸಣ್ಣ ಗೆರೆಗಳ ಒಂದು ಗಾಜು ಸಿಕ್ಕಿಸಿದರೆ ನಕ್ಷತ್ರದ ಬೆಳಕು ಕಾಮನಬಿಲ್ಲಿನ ಪಟ್ಟಿಯಾಗಿ ಹರಡುತ್ತದೆ. ಸಾವಿರ ಗೆರೆಯ ಸ್ಪೆಕ್ಟ್ರೋಗ್ರಾಫ್ ಅಲ್ಲ ಇದು, ಬಡವರ ಸಾಧನ. ನುಣುಪು ವಿವರ ಕಾಣುವುದಿಲ್ಲ, ದಪ್ಪ ಉಬ್ಬುತಗ್ಗು ಮಾತ್ರ. ಆದರೂ ಮೇ 22ರ ಪಟ್ಟಿಯ ನೀಲಿ ಭಾಗದಲ್ಲಿ, 468 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ ಇದು) ಹತ್ತಿರ, ಒಂದು ಸಣ್ಣ ಗಂಟು ಕಂಡಿತು. ಕಣ್ಣಿನ ಭ್ರಮೆ ಅಂದುಕೊಂಡೆ. ದೊಡ್ಡ ಟೆಲಿಸ್ಕೋಪ್‌ಗಳ ಚಿತ್ರ ಹೊರಬಂದಾಗ ಅಲ್ಲೇ ಗಂಟು ಇತ್ತು. ಅದು ಹೀಲಿಯಂನ ಗುರುತು. ಸಿಡಿದ ನಕ್ಷತ್ರದ್ದಲ್ಲ, ಸಿಡಿಯುವ ಮೊದಲ ಕೆಲವು ವರ್ಷಗಳಲ್ಲಿ ಅದು ಸುತ್ತಲೂ ಉಗುಳಿದ ಅನಿಲದ್ದು. ಸ್ಫೋಟದ ಬೆಳಕು ಬಡಿದು ಆ ಅನಿಲ ಹೊತ್ತಿಕೊಂಡಿತ್ತು. ಒಂದು ವಾರದಲ್ಲಿ, ಸ್ಫೋಟದ ಅಲೆ ಆ ಅನಿಲವನ್ನು ನುಂಗಿಬಿಟ್ಟಿತು. 29ರ ನನ್ನ ಪಟ್ಟಿಯಲ್ಲಿ ಗಂಟು ಇಲ್ಲ. ಅಂದರೆ ಸಾಯುವ ಮುಂಚೆ ನಕ್ಷತ್ರ ಹೇಗೆ ನರಳಿತು ಅಂತ ತಿಳಿಯಲು ಇರುವ ಸಮಯ ಒಂದೇ ವಾರ. ಆ ವಾರ ಮೋಡ ಬಂದರೆ ಮುಗಿಯಿತು.

ಇಂಥ ಕೆಲಸಕ್ಕೆ ದೊಡ್ಡವರು ಏನು ಮಾಡುತ್ತಾರೆ ಅಂತ ನೋಡಿದರೆ ನಮ್ಮ ಹತ್ತಿರದ ಒಂದು ಸಂಗತಿ ಇದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವವರು ಕೂರುವುದು ನಮ್ಮ ಹೊಸಕೋಟೆಯಲ್ಲಿ! ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ ಉಪಗ್ರಹದ ಮೂಲಕ ಟೆಲಿಸ್ಕೋಪ್ ತಿರುಗಿಸುತ್ತಾರೆ. ಈ ಸೂಪರ್‌ನೋವಾವನ್ನು ಆ ಟೆಲಿಸ್ಕೋಪ್ ನೋಡಿತು. ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ಟೆಲಿಸ್ಕೋಪೂ ನೋಡಿತು. ಅತಿನೇರಳೆ ಬೆಳಕನ್ನು ನಮ್ಮ ಗಾಳಿ ತಡೆದುಬಿಡುತ್ತದೆ, ಅದಕ್ಕೆ ಮೇಲೇ ಹೋಗಬೇಕು. ಹಬಲ್, ಸ್ಪಿಟ್ಜರ್ ಬಾಹ್ಯಾಕಾಶ ಟೆಲಿಸ್ಕೋಪ್‌ಗಳ ಹಳೇ ಫೋಟೋಗಳಲ್ಲಿ ಸಿಡಿಯುವ ಮುಂಚಿನ ನಕ್ಷತ್ರವೇ ಸಿಕ್ಕಿತು. ಧೂಳಿನ ಕಂಬಳಿ ಹೊದ್ದ ಕೆಂಪು ಮಹಾದೈತ್ಯ ಅದು. ಸುಮಾರು 1,100 ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತಿತ್ತು. ಆದರೂ ಅದರ ತೂಕ ಎಷ್ಟಿತ್ತು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಸೂರ್ಯನ ಹತ್ತು ಪಟ್ಟು ಅನ್ನುವವರೂ ಇದ್ದಾರೆ, ಅದಕ್ಕಿಂತ ಎಷ್ಟೋ ಜಾಸ್ತಿ ಅನ್ನುವವರೂ ಇದ್ದಾರೆ. ಕಂಬಳಿ ಎಷ್ಟು ದಪ್ಪ ಅಂತ ಗೊತ್ತಿಲ್ಲದೆ ಒಳಗಿನವನ ತೂಕ ಹೇಳುವುದು ಕಷ್ಟ, ಅಲ್ವಾ?

ಜೂನ್‌ನಲ್ಲಿ ಮುಂಗಾರು ತಡವಾಗಿ ಬಂತು. ಜುಲೈಯಲ್ಲಿ ಮೋಡ ಬಿಡಲಿಲ್ಲ. ಎರಡನೇ ವಾರ ಒಂದೇ ಒಂದು ರಾತ್ರಿ ಎರಡು ಗಂಟೆಯ ತೆರಪು ಸಿಕ್ಕಿತು. ಬಣ್ಣದ ಪಟ್ಟಿ ತೆಗೆದೆ. ಈಗ ಹೈಡ್ರೋಜನ್‌ನ ಕೆಂಪು ಉಬ್ಬು ಅಗಲವಾಗಿ, ಕಣ್ಣಿಗೆ ಹೊಡೆಯುವ ಹಾಗೆ ಇತ್ತು. ಹೈಡ್ರೋಜನ್ ಕಂಡರೆ ಅದು ಎರಡನೇ ಬಗೆ, ಭಾರಿ ನಕ್ಷತ್ರದ ನಡುಭಾಗ ಕುಸಿದು ಆದ ಸ್ಫೋಟ. ಕಾಣದೆ ಸಿಲಿಕಾನ್ ಕಂಡರೆ ಒಂದನೇ ಎ ಬಗೆ, ಶ್ವೇತ ಕುಬ್ಜ (ಉರಿದು ಮುಗಿದ ನಕ್ಷತ್ರದ ಗಟ್ಟಿ ತಿರುಳು) ಪೂರ್ತಿ ಹೊತ್ತಿ ಉರಿದದ್ದು. ಇದೇ ಎಂ101ರಲ್ಲಿ 2011ರಲ್ಲಿ ಸಿಡಿದದ್ದು ಆ ಜಾತಿ.

ಉಬ್ಬಿನ ಎಡಕ್ಕೆ, ನೀಲಿ ಕಡೆಗೆ, ಒಂದು ತಗ್ಗು ಇತ್ತು. ನಮ್ಮ ಕಡೆಗೆ ನುಗ್ಗಿ ಬರುತ್ತಿರುವ ಅನಿಲ ಹಿಂದಿನ ಬೆಳಕನ್ನು ನುಂಗಿದಾಗ ಈ ತಗ್ಗು ಬೀಳುತ್ತದೆ. ನಮ್ಮತ್ತ ಬರುವ ಆಂಬುಲೆನ್ಸಿನ ಸದ್ದು ತಾರಕಕ್ಕೆ ಏರುವ ಹಾಗೆ, ನಮ್ಮತ್ತ ಬರುವ ಅನಿಲದ ಗುರುತು ನೀಲಿ ಕಡೆ ಸರಿಯುತ್ತದೆ. ಹೈಡ್ರೋಜನ್‌ನ ಜಾಗ 656.3 ನ್ಯಾನೋಮೀಟರ್. ನನ್ನ ತಗ್ಗು 640ರಲ್ಲಿತ್ತು. ಸರಿದದ್ದು 16.3. ಅದನ್ನು 656.3ರಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 7,500 ಕಿಲೋಮೀಟರ್. ನನ್ನ ಗಾಜಿನ ಯೋಗ್ಯತೆಗೆ ಒಂದೆರಡು ಸಾವಿರ ಆಚೀಚೆ ಇರಬಹುದು. ಇರಲಿ. ಒಂದು ಸೆಕೆಂಡಿನಲ್ಲಿ ಬೆಂಗಳೂರಿಂದ ದೆಹಲಿಗೆ ಎರಡು ಸಲ ಹೋಗಿ ಬರುವ ವೇಗ ಅದು. ತಾರಸಿಯ ಮೇಲೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಅಂಕಿ ಹಾಕಿದಾಗ ಕೈ ನಡುಗಿತು. ನನ್ನ ಹೆಂಡತಿ "ಚಳಿಯಾ?" ಅಂದಳು.

ಈ ಜಾತಿಯ ಸೂಪರ್‌ನೋವಾ ಏರಿದ ಮೇಲೆ ಬೇಗ ಇಳಿಯುವುದಿಲ್ಲ. ಕೆಲವು ವಾರ, ತಿಂಗಳು ಹೆಚ್ಚುಕಮ್ಮಿ ಅದೇ ಮಟ್ಟದಲ್ಲಿ ನಿಲ್ಲುತ್ತದೆ, ನಿಧಾನಕ್ಕೆ ಜಾರುತ್ತದೆ. ಹೊರಗೆ ಹಾರಿದ ಹೈಡ್ರೋಜನ್ ಬಿಸಿಯಲ್ಲಿ ಮಂಜಿನ ಹಾಗೆ ಮಬ್ಬಾಗಿರುತ್ತದೆ, ಒಳಗಿನ ಬೆಳಕನ್ನು ಬಿಡುವುದಿಲ್ಲ. ಸುಮಾರು 6,000 ಡಿಗ್ರಿಗೆ ತಣಿದಾಗ ಅದು ತಿಳಿಯಾಗುತ್ತದೆ. ಹೊರಗಿನ ಪದರ ಮೊದಲು ತಿಳಿಯಾಗುತ್ತದೆ, ಆಮೇಲೆ ಅದರ ಒಳಗಿನದು, ಹೀಗೆ ಈರುಳ್ಳಿ ಸುಲಿದ ಹಾಗೆ. ಸುಲಿಯುತ್ತಿರುವಷ್ಟು ದಿನ ಬೆಳಕು ಒಂದೇ ಮಟ್ಟ. ಹೈಡ್ರೋಜನ್ ಮುಗಿದ ದಿನ ಧಡಕ್ಕನೆ ಬೀಳುತ್ತದೆ. ಆ ಬೀಳುವುದು ಯಾವಾಗ ಅನ್ನುವುದೇ ಮುಖ್ಯ. ಅದರಿಂದ ನಕ್ಷತ್ರ ಸಾಯುವಾಗ ಮೈಮೇಲೆ ಎಷ್ಟು ಹೈಡ್ರೋಜನ್ ಉಳಿಸಿಕೊಂಡಿತ್ತು ಅಂತ ಅಂದಾಜಾಗುತ್ತದೆ. ನೂರು ದಿನವಾದರೂ ನಿಲ್ಲುವುದು ಸಾಮಾನ್ಯ. ನೂರು ದಿನ ಅಂದರೆ ಆಗಸ್ಟ್ ಕೊನೆ. ಮಳೆಗಾಲ. ನನಗೆ ಸಿಗುವುದಿಲ್ಲ ಅಂತ ಕೈ ಚೆಲ್ಲಿದ್ದೆ.

ಆದರೆ ಆ ಆಗಸ್ಟ್‌ನಲ್ಲಿ ಮಳೆ ಬರಲಿಲ್ಲ. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಹೊಲದಲ್ಲಿ ಶೇಂಗಾ ಬಾಡಿತು. ಬೋರ್‌ವೆಲ್ ನೀರು ಇಳಿಯಿತು. ಎಲ್ಲರೂ ಒಟ್ಟಿಗೆ ಮೋಟಾರ್ ಹಾಕಿದ್ದಕ್ಕೆ ವೋಲ್ಟೇಜ್ ಕುಸಿಯಿತು. ಅಂಗಡಿ ಮುಂದೆ ಸುಟ್ಟ ಮೋಟಾರ್‌ಗಳ ಸಾಲು. ಹಗಲು ಹನ್ನೆರಡು ಗಂಟೆ ವೈಂಡಿಂಗ್ ಮಾಡುತ್ತಿದ್ದೆ. ರಾತ್ರಿ ಆಕಾಶ ಕನ್ನಡಿಯ ಹಾಗೆ. ನನಗೆ ಹಗಲಲ್ಲಿ ಕಾಸು, ರಾತ್ರಿ ನಕ್ಷತ್ರ. ಎರಡೂ ಇನ್ನೊಬ್ಬರ ಕಷ್ಟದಿಂದ ಬಂದದ್ದು ಅನ್ನುವುದು ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಒಂದು ರಾತ್ರಿ ಪಕ್ಕದ ಹಳ್ಳಿಯ ಒಬ್ಬ ತಾತ ಮೋಟಾರ್ ತಗೊಂಡು ಹೋಗಲು ತಡವಾಗಿ ಬಂದ. ಮೇಲೆ ಬೆಳಕು ಕಂಡು ಮೆಟ್ಟಿಲು ಹತ್ತಿ ಬಂದ. "ಏನಪ್ಪಾ, ಮಳೆ ಯಾವಾಗ ಬರ್ತದೆ ಅಂತ ಕಾಣ್ತದಾ ಅದ್ರಾಗೆ?" ಅಂದ. ಇಲ್ಲ ತಾತ, ಸತ್ತ ನಕ್ಷತ್ರ ಕಾಣುತ್ತೆ, ಅಂದೆ. ಸ್ಕ್ರೀನ್ ಮೇಲಿನ ಚುಕ್ಕಿ ತೋರಿಸಿದೆ. ತುಂಬ ಹೊತ್ತು ನೋಡಿದ. "ಸತ್ತು ಎಷ್ಟು ದಿನ ಆಯ್ತು?" ಎರಡು ಕೋಟಿ ವರ್ಷದ ಮೇಲಾಯ್ತು, ಸುದ್ದಿ ಮೂರು ತಿಂಗಳ ಹಿಂದೆ ಬಂತು ಅಂದೆ. "ನಮ್ಮ ಪರಿಹಾರದ ದುಡ್ಡಿನಂಗೆ" ಅಂದ. ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ನಮ್ಮದೂ ಅದರಲ್ಲಿತ್ತು.

ನಕ್ಷತ್ರ ನೂರು ದಿನ ಕಾಯಲಿಲ್ಲ. ಆಗಸ್ಟ್ ಎರಡನೇ ವಾರದಲ್ಲೇ, ಸಿಡಿದು ಎಂಬತ್ತು ದಿನ ದಾಟುತ್ತಲೇ ಬೀಳಲು ಶುರುವಾಯಿತು. ಸಂಜೆ ಕತ್ತಲಾಗುವಷ್ಟರಲ್ಲಿ ಎಂ101 ವಾಯವ್ಯಕ್ಕೆ ಇಳಿದಿರುತ್ತಿತ್ತು. ಸಿಗುತ್ತಿದ್ದದ್ದು ಒಂದೂವರೆ ಗಂಟೆ. ಮೂರು ವಾರದಲ್ಲಿ ಒಂದೂವರೆ ಮ್ಯಾಗ್ನಿಟ್ಯೂಡ್‌ಗಿಂತ ಜಾಸ್ತಿ ಕುಸಿದದ್ದನ್ನು ಹದಿಮೂರು ಚುಕ್ಕಿಗಳಲ್ಲಿ ಹಿಡಿದೆ. ನನ್ನ ಗೆರೆಯಲ್ಲಿ ನನಗೆ ಹೆಮ್ಮೆ ಇರುವುದು ಆ ಹದಿಮೂರರ ಮೇಲೆ ಮಾತ್ರ. ಬೇಗ ಬಿದ್ದದ್ದರ ಅರ್ಥ, ಹೈಡ್ರೋಜನ್ ಹೊದಿಕೆ ತೆಳುವಾಗಿತ್ತು. ಮೇ ತಿಂಗಳ ಆ ಹೀಲಿಯಂ ಗಂಟಿಗೂ ಇದಕ್ಕೂ ತಾಳೆಯಾಗುತ್ತದೆ ನೋಡಿ. ಸಾಯುವ ಮುಂಚೆಯೇ ಅದು ಮೈಮೇಲಿನದನ್ನು ಕಳಚಿ ಎಸೆಯುತ್ತಿತ್ತು.

ಬಿದ್ದ ಮೇಲೆ ಉಳಿಯುವ ಮಂದ ಬೆಳಕಿಗೆ ಕಾರಣ ಬೇರೆ. ಸ್ಫೋಟದಲ್ಲಿ ಹುಟ್ಟಿದ ನಿಕ್ಕಲ್ 56 ಆರು ದಿನಕ್ಕೆ ಅರ್ಧ ಕರಗಿ ಕೋಬಾಲ್ಟ್ ಆಗುತ್ತದೆ. ಕೋಬಾಲ್ಟ್ 77 ದಿನಕ್ಕೆ ಅರ್ಧದಂತೆ ಕಬ್ಬಿಣವಾಗುತ್ತದೆ. ಆ ಕರಗುವಿಕೆಯ ಶಾಖವೇ ಬೆಳಕು. ಅದಕ್ಕೆ ಈ ಬಾಲ ನೂರು ದಿನಕ್ಕೆ ಸುಮಾರು ಒಂದು ಮ್ಯಾಗ್ನಿಟ್ಯೂಡ್ ಇಳಿಯುತ್ತದೆ. ಬಾಲ ಎಷ್ಟು ಎತ್ತರದಲ್ಲಿದೆ ಅನ್ನುವುದರಿಂದ ಎಷ್ಟು ನಿಕ್ಕಲ್ ಆಗಿತ್ತು ಅಂತ ಗೊತ್ತಾಗುತ್ತದೆ. ಇದರಲ್ಲಿ ಸೂರ್ಯನ ತೂಕದ ಇಪ್ಪತ್ತರಲ್ಲಿ ಒಂದು ಪಾಲಿನ ಆಸುಪಾಸು. ಇದು ನನ್ನ ಲೆಕ್ಕವಲ್ಲ, ದೊಡ್ಡವರದು. ಅಷ್ಟರಲ್ಲಿ ನನಗೆ ಎಂ101 ಮರಗಳ ಹಿಂದೆ ಹೋಗಿತ್ತು.

ಹೊಸ ಹೆಣ ಮರೆಯಾದ ಮೇಲೆ ಹಳೇ ಹೆಣದ ಕಡೆ ತಿರುಗಿದೆ. ವೃಷಭದ ಒಂದು ಕೊಂಬಿನ ತುದಿಯ ಹತ್ತಿರ ಏಡಿ ನೀಹಾರಿಕೆ ಇದೆ. ಕ್ರ್ಯಾಬ್ ಅಂತಲೇ ಎಲ್ಲರೂ ಕರೆಯುವುದು. 1054ರ ಜುಲೈಯಲ್ಲಿ ಚೀನಾದವರು ಅಲ್ಲಿ "ಅತಿಥಿ ನಕ್ಷತ್ರ" ಕಂಡು ಬರೆದಿಟ್ಟರು. 23 ದಿನ ಹಗಲಲ್ಲೂ ಕಂಡಿತಂತೆ. ಈಗ ಅಲ್ಲಿ 6,500 ಬೆಳಕಿನ ವರ್ಷ ದೂರದಲ್ಲಿ ಹರಿದ ಹತ್ತಿಯಂಥ ಅನಿಲ. 1921ರಲ್ಲಿ ಖಗೋಳ ವಿಜ್ಞಾನಿ ಜಾನ್ ಡಂಕನ್ ಹನ್ನೊಂದೂವರೆ ವರ್ಷ ಅಂತರದ ಎರಡು ಫೋಟೋ ಹೋಲಿಸಿ, ಅದು ಹಿಗ್ಗುತ್ತಿದೆ ಅಂತ ತೋರಿಸಿದರು. 1928ರಲ್ಲಿ ಎಡ್ವಿನ್ ಹಬಲ್ ಆ ಹಿಗ್ಗುವಿಕೆಯನ್ನು ಹಿಂದಕ್ಕೆ ಓಡಿಸಿ, ಸುಮಾರು 900 ವರ್ಷ ಆಗಿರಬೇಕು, ಇದೇ 1054ರ ನಕ್ಷತ್ರ ಅಂದರು.

ನನ್ನ ಹತ್ತಿರ 2013ರ ಜನವರಿಯ ಒಂದು ಫೋಟೋ ಇತ್ತು. 2024ರ ಜನವರಿಯಲ್ಲಿ ಇನ್ನೊಂದು ತೆಗೆದೆ. ಹನ್ನೊಂದು ವರ್ಷ. ಡಂಕನ್‌ಗಿಂತ ಆರು ತಿಂಗಳು ಕಮ್ಮಿ ಅಷ್ಟೇ! ಬೇಕಂತಲೇ ಹೊಸ ಕ್ಯಾಮೆರಾ ಬಿಟ್ಟು, ಅಲಮಾರಿಯಲ್ಲಿ ಬೂಸಲು ಹಿಡಿದಿದ್ದ ಹಳೇ ಡಿಎಸ್‌ಎಲ್‌ಆರ್ ಹೊರತೆಗೆದೆ. ಬೇರೆ ಕ್ಯಾಮೆರಾ ಬೇರೆ ಬಣ್ಣಕ್ಕೆ ಒಲಿಯುತ್ತದೆ. ಆಗ ಎಳೆ ಸರಿದದ್ದೋ, ಬೇರೆ ಎಳೆ ಕಾಣುತ್ತಿದೆಯೋ ಗೊತ್ತಾಗುವುದಿಲ್ಲ. ಸುತ್ತಲಿನ ನಕ್ಷತ್ರಗಳನ್ನು ಆಧಾರವಾಗಿಟ್ಟು ಎರಡೂ ಚಿತ್ರವನ್ನು ಒಂದರ ಮೇಲೊಂದು ಕೂರಿಸಿ, ಒಂದಾದ ಮೇಲೆ ಒಂದು ಮಿನುಗಿಸಿದೆ. ನಕ್ಷತ್ರಗಳು ಕದಲಲಿಲ್ಲ. ನೀಹಾರಿಕೆ ಉಸಿರೆಳೆದುಕೊಂಡಿತು.

ಮಗನನ್ನು ಎಬ್ಬಿಸಿ ತೋರಿಸಿದೆ. "ಮಿನುಗಿಸ್ತಿರೋದು ನೀನೇ ತಾನೇ" ಅಂತ ಮಲಗಿದ.

ಚೆನ್ನಾಗಿ ಕಾಣುವ 14 ಎಳೆಗಳನ್ನು ಆರಿಸಿದೆ. ಕೇಂದ್ರದಿಂದ ಸರಾಸರಿ 170 ಪಿಕ್ಸೆಲ್ ದೂರ. ಹನ್ನೊಂದು ವರ್ಷದಲ್ಲಿ ಸರಿದದ್ದು ಸರಾಸರಿ ಎರಡು ಪಿಕ್ಸೆಲ್. 170ನ್ನು 2ರಿಂದ ಭಾಗಿಸಿ 11ರಿಂದ ಗುಣಿಸಿ. 935 ವರ್ಷ. 2024ರಿಂದ ಕಳೆದರೆ 1089. ಕಾಲು ಪಿಕ್ಸೆಲ್ ತಪ್ಪಿದರೂ ನೂರು ವರ್ಷದ ಮೇಲೆ ಆಚೀಚೆ ಆಗುತ್ತದೆ, ಹಾಗಾಗಿ 1054 ಅದರೊಳಗೇ ಬಂತು ಅಂತ ಖುಷಿಪಟ್ಟೆ. ಆಮೇಲೆ ಓದಿದಾಗ ತಿಳಿಯಿತು, ದೊಡ್ಡ ಟೆಲಿಸ್ಕೋಪ್‌ನಲ್ಲಿ ನಾಜೂಕಾಗಿ ಅಳೆದರೂ 1054 ಬರುವುದಿಲ್ಲ, ಸುಮಾರು 1130ರ ಹತ್ತಿರ ಬರುತ್ತದೆ ಅಂತ. ಅಳತೆ ತಪ್ಪಲ್ಲ. ಒಳಗಿಂದ ಯಾರೋ ದೂಡುತ್ತಿದ್ದಾರೆ. ಎಳೆಗಳು ಮೊದಲಿಗಿಂತ ಈಗ ವೇಗವಾಗಿ ಓಡುತ್ತಿವೆ, ಅದಕ್ಕೆ ಈಗಿನ ವೇಗ ನಂಬಿ ಹಿಂದಕ್ಕೆ ಹೋದರೆ ವಯಸ್ಸು ಕಮ್ಮಿ ಕಾಣುತ್ತದೆ.

ದೂಡುವವನು ನಡುವೆ ಕೂತಿರುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸಿಡಿದ ನಕ್ಷತ್ರದ ಕುಸಿದು ಉಳಿದ ನಡುಭಾಗ. 1968ರಲ್ಲಿ ಪತ್ತೆಯಾದ ಪಲ್ಸಾರ್, ಸುತ್ತುತ್ತ ಮಿಡಿಯುವಂಥದ್ದು. ಒಂದು ತಾಲ್ಲೂಕಿನಷ್ಟೂ ಅಗಲವಿಲ್ಲ, ಸೂರ್ಯನಿಗಿಂತ ತೂಕ. ಸೆಕೆಂಡಿಗೆ ಸುಮಾರು 30 ಸುತ್ತು. ನಮ್ಮ ಲೆಕ್ಕದಲ್ಲಿ ಹೇಳಿದರೆ 1,800 ಆರ್‌ಪಿಎಂ. ನಾನು ಕಟ್ಟುವ ಬೋರ್‌ವೆಲ್ ಮೋಟಾರ್ 2,880 ಆರ್‌ಪಿಎಂ ಓಡುತ್ತದೆ! ಪಲ್ಸಾರ್‌ನ ಸುತ್ತು ವರ್ಷ ವರ್ಷ ಕೊಂಚ ಕೊಂಚ ನಿಧಾನವಾಗುತ್ತಿದೆ. ಕಳೆದುಕೊಂಡ ಆ ಶಕ್ತಿಯೇ ನೀಹಾರಿಕೆಯನ್ನು ಬೆಳಗುತ್ತದೆ, ಎಳೆಗಳನ್ನು ಹೊರಕ್ಕೆ ತಳ್ಳುತ್ತದೆ.

ಟೆಲಿಸ್ಕೋಪ್ ಇಲ್ಲದವರಿಗೂ ಒಂದು ದಾರಿ ಹೇಳುತ್ತೇನೆ. ಮಳೆಗಾಲದಲ್ಲಿ ನಾನು ಮಾಡುವುದೂ ಇದೇ. ನಾಸಾದ ಚಂದ್ರಾ ಎಕ್ಸ್‌ರೇ ಟೆಲಿಸ್ಕೋಪಿನ ಮೂಲ ದತ್ತಾಂಶ ಎಲ್ಲರಿಗೂ ಪುಕ್ಕಟೆ. ಇದು ನಮ್ಮ ಚಂದ್ರನ ಹೆಸರಲ್ಲ, ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು. ಕ್ಯಾಸಿಯೋಪಿಯಾ ಎ ಎಂಬ ಅವಶೇಷದ ಫೈಲ್ ಇಳಿಸಿಕೊಳ್ಳಿ. ಅದು ಸಿಡಿದ ಬೆಳಕು ನಮ್ಮನ್ನು ತಲುಪಿ ಸುಮಾರು 350 ವರ್ಷ. ಡಿಎಸ್9 ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಅದರಲ್ಲಿ ಬಂದ ಒಂದೊಂದು ಎಕ್ಸ್‌ರೇ ಕಣದ ಶಕ್ತಿಯೂ ದಾಖಲಾಗಿದೆ. ಬಿನ್ನಿಂಗ್ ಫಿಲ್ಟರ್‌ನಲ್ಲಿ 1,780ರಿಂದ 2,000 ಇಲೆಕ್ಟ್ರಾನ್ ವೋಲ್ಟ್ ಅಂತ ಕೊಟ್ಟರೆ ಸಿಲಿಕಾನ್ ಎಲ್ಲಿದೆ ಅಂತ ಮಾತ್ರ ಕಾಣುತ್ತದೆ. 6,500ರ ಸುತ್ತ ಕೊಟ್ಟರೆ ಕಬ್ಬಿಣ. ಎರಡಕ್ಕೂ ಬೇರೆ ಬಣ್ಣ ಕೊಟ್ಟು ಸೇರಿಸಿ.

ನಾನು ಸೇರಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಕ್ಷತ್ರದ ಒಳಗೆ ನಡುವಲ್ಲಿ ಕಬ್ಬಿಣ, ಅದರ ಹೊರಗೆ ಸಿಲಿಕಾನ್, ಅದರ ಹೊರಗೆ ಆಮ್ಲಜನಕ ಹೀಗೆ ಪದರ ಇರುತ್ತದೆ ಅಂತ ಓದಿದ್ದೆ. ಹಾಗಾದರೆ ಸಿಡಿದ ಮೇಲೂ ಕಬ್ಬಿಣ ಒಳಗಿರಬೇಕು. ಚಿತ್ರದ ಆಗ್ನೇಯ ಮೂಲೆಯಲ್ಲಿ ಕಬ್ಬಿಣ ಸಿಲಿಕಾನ್‌ಗಿಂತ ಹೊರಗಿದೆ. ಒಳಗಿನದು ಹೊರಗೆ ಬಂದಿದೆ. ಸ್ಫೋಟ ಎಲ್ಲ ಕಡೆಗೂ ಸಮನಾಗಿ ಆಗಿಲ್ಲ, ಒಂದು ಕಡೆ ಕುದಿದು, ಮಗುಚಿಕೊಂಡು ಚಿಮ್ಮಿದೆ. ಮೂರು ಕಾಯಿಲ್‌ನಲ್ಲಿ ಎರಡು ಮಾತ್ರ ಸುಟ್ಟ ಮೋಟಾರ್ ಕಂಡಾಗ ಆಗುವ ಹಾಗೆ ಆಯಿತು ನನಗೆ. ವಿಜ್ಞಾನಿಗಳು ಇದನ್ನು 2000ದಲ್ಲೇ ಬರೆದಿದ್ದಾರೆ, ನನ್ನದೇನೂ ಹೊಸ ಶೋಧವಲ್ಲ. ಆದರೆ ಓದಿ ತಿಳಿಯುವುದು ಬೇರೆ, ನಾವೇ ಬಿಚ್ಚಿ ನೋಡುವುದು ಬೇರೆ.

ಎಂ101 ಮತ್ತೆ ಒಳ್ಳೆಯ ಎತ್ತರಕ್ಕೆ ಬಂದದ್ದು 2024ರ ಬೇಸಿಗೆಯಲ್ಲಿ. ಮೇ ತಿಂಗಳಲ್ಲಿ, ವರ್ಷ ತುಂಬುವ ವಾರ, ಅದೇ ಫಿಲ್ಟರ್, ಅದೇ 30 ಸೆಕೆಂಡು, ಒಟ್ಟು 120 ಫೋಟೋ ಪೇರಿಸಿ ನೋಡಿದೆ. ಈ ಸಲ ಗಡಿಯಾರ ಗ್ರೀನಿಚ್‌ಗೆ ಇಟ್ಟಿದ್ದೆ. ಎನ್‌ಜಿಸಿ 5461ರ ಮೋಡ ಚೆನ್ನಾಗಿ ಕಂಡಿತು. ಅದರ ಪಕ್ಕದ ಜಾಗದಲ್ಲಿ ಏನೋ ಇದೆ ಅನ್ನಿಸುತ್ತದೆ, ಅಳೆಯಲು ಹೋದರೆ ಮೋಡದ ಬೆಳಕೇ ಬರುತ್ತದೆ. ಅರ್ಧ ಗಂಟೆ ವೃತ್ತ ದೊಡ್ಡದು ಚಿಕ್ಕದು ಮಾಡಿ ಸಾಕಾಯಿತು. ಪುಸ್ತಕ ತೆಗೆದು ಬರೆದೆ: "ಕಾಣಲಿಲ್ಲ. 16.8ಕ್ಕಿಂತ ಮಸುಕು."